ನಾಟಿ ಗದ್ದೆಗೆ ಬಂದ ಸೈಬೀರಿಯದ ಹಕ್ಕಿ

ವಲಸೆ ಹಕ್ಕಿ ಎಂದ ಕೂಡಲೇ ನಮಗೆ ಚಳಿಗಾಲ ನೆನಪಾಗುತ್ತದೆ. ಪತ್ರಿಕೆಗಳಲ್ಲಿ ಅವುಗಳ ಚಿತ್ರ ಅಚ್ಚಾಗುವುದೂ ಡಿಸೆಂಬರ್, ಜನವರಿಯಲ್ಲೇ. ಅಷ್ಟು ಹೊತ್ತಿಗೆ ಅವುಗಳಲ್ಲಿ ಅನೇಕ ಹಕ್ಕಿಗಳು ಬಂದು ಮೂರು ನಾಲ್ಕು ತಿಂಗಳಾಗಿರುತ್ತದೆ. ಮಂಡ್ಯ ಜಿಲ್ಲೆಯ ಕೆರಗೋಡು ಹೋಬಳಿಯ ನಾಲೆ ಬಯಲಿನಲ್ಲಿ ಭತ್ತದ ನಾಟಿ ಭರದಿಂದ ಸಾಗುವ ಆಗಸ್ಟ್ ತಿಂಗಳಲ್ಲೇ, ಆಶ್ಲೇಷ ಮಳೆ ಕಳೆದು ಮಘೆ ಹಿಡಿಯುವ ಹೊತ್ತಿಗೇ, ಮೊದಲ ಹಕ್ಕಿಗಳು ಇಲ್ಲಿಗೆ ಬಂದಿಳಿದಿರುತ್ತವೆ. ಆಗ ಅವುಗಳತ್ತ ಕಣ್ಣು ಹಾಯಿಸುವವರು ಕಡಿಮೆ. ಗದ್ದೆಯಲ್ಲಿ ಇರುವವರಿಗೆ ನಾಟಿಯ ಧಾವಂತ, ಗದ್ದೆಗೆ ಬಾರದವರಿಗೆ ಅದರ ಸುದ್ದಿಯೇ ಇಲ್ಲ.

ಉತ್ತು, ನೀರು ಕಟ್ಟಿ, ಹದ ಮಾಡಿ, ಇನ್ನೂ ಪೈರು ನೆಡದ ತಾಕೊಂದನ್ನು ಈ ದಿನಗಳಲ್ಲಿ ಬದುವಿನ ಮೇಲೆ ನಿಂತು ಗಮನಿಸಿ. ಬೆಳ್ಳಕ್ಕಿಗಳು ಎದ್ದು ಕಾಣುತ್ತವೆ. ಅವುಗಳಾಚೆ, ಕೆಸರಿನ ಬಣ್ಣದಲ್ಲೇ ಬೆರೆತುಹೋದ, ಮೈನಾಕ್ಕಿಂತ ಸ್ವಲ್ಪ ಸಣ್ಣ ಮೈಕಟ್ಟಿನ ಹಕ್ಕಿಯೊಂದು ಓಡಾಡುತ್ತಿರಬಹುದು. ಬೆನ್ನು ಕಂದು, ಅದರ ಮೇಲೆಲ್ಲ ಬಿಳಿಯ ಚುಕ್ಕಿಗಳು. ಕಣ್ಣಿನ ಮೇಲೆ ಬಿಳಿ ಹುಬ್ಬು. ಉದ್ದನೆಯ ಹಳದಿ ಮಿಶ್ರಿತ ಕಾಲು. ಎರಡು ಹೆಜ್ಜೆ ಹಾಕಿ, ನೇರ ಕೊಕ್ಕನ್ನು ತೆಳು ನೀರಿಗೆ ಇಳಿಸಿ, ಹುಳುವೊಂದನ್ನು ಎತ್ತಿ, ಮತ್ತೆ ಎರಡು ಹೆಜ್ಜೆ. ಯಾರಾದರೂ ಹತ್ತಿರ ಬಂದರೆ ‘ಚಿಫ್ ಚಿಫ್ ಚಿಫ್’ ಎಂದು ಕೂಗುತ್ತಾ ಏಳುತ್ತದೆ. ಏಳುವಾಗ ಬಾಲದ ಬುಡದ ಬಿಳುಪು ಮಿಂಚುತ್ತದೆ. ಇದೇ ಅಡವಿ ಗದ್ದೆಗೊರವ. ತೂಕ ಸುಮಾರು 60 ಗ್ರಾಂ. ಇದು ಮರಿ ಮಾಡುವುದು ಉತ್ತರ ಯುರೋಪಿನಿಂದ ಸೈಬೀರಿಯದ ಉದ್ದಕ್ಕೂ ಹಬ್ಬಿರುವ ಜೌಗು ಕಾಡುಗಳಲ್ಲಿ. ಜೂನ್‌ನಲ್ಲಿ ರಾತ್ರಿಯೇ ಆಗದಂಥ ನಾಡಿನಲ್ಲಿ ಸಂಸಾರ ಮಾಡಿದ ಜೀವ, ಆಗಸ್ಟ್‌ನಲ್ಲಿ ಮಂಡ್ಯದ ಕೆಸರುಗದ್ದೆಯಲ್ಲಿ ಮೇಯುತ್ತಿರುತ್ತದೆ.

ಇಷ್ಟು ಬೇಗ ಏಕೆ ಬರುತ್ತವೆ? ಚಳಿ ತಾಳಲಾರದೆ ಎಂಬುದು ವಾಡಿಕೆಯ ಉತ್ತರ. ಅದು ಪೂರ್ತಿ ಸರಿಯಲ್ಲ. ಇವು ಹೊರಡುವಾಗ ಅಲ್ಲಿ ಇನ್ನೂ ಬೇಸಿಗೆಯೇ. ಹಕ್ಕಿಯ ಮೈಯಲ್ಲಿ ಹೊರಡುವ ತಯಾರಿ ಶುರುವಾಗುವುದು ಹಗಲಿನ ಅಳತೆ ಕುಗ್ಗತೊಡಗಿದಾಗ. ಉತ್ತರದ ಬೇಸಿಗೆ ಬಹಳ ಚಿಕ್ಕದು. ಹುಳುಹುಪ್ಪಟೆ ಹೇರಳವಾಗಿ ಸಿಗುವ ಆ ಕೆಲವೇ ವಾರಗಳಲ್ಲಿ ಮೊಟ್ಟೆ, ಮರಿ ಎಲ್ಲ ಮುಗಿಯಬೇಕು. ಮುಗಿದ ಮೇಲೆ ದೊಡ್ಡವುಗಳಿಗೆ ಅಲ್ಲಿ ಉಳಿದು ಮಾಡುವ ಕೆಲಸವಿಲ್ಲ. ಗದ್ದೆಗೊರವದ ಜಾತಿಗಳಲ್ಲಿ ಎಷ್ಟೋ ಬಾರಿ ಹೆಣ್ಣು ಮೊದಲು ಹೊರಡುತ್ತದೆ. ಮರಿಗಳ ಕಾವಲಿಗೆ ಗಂಡು ಉಳಿಯುತ್ತದೆ. ಆಮೇಲೆ ಗಂಡೂ ಹೊರಡುತ್ತದೆ. ಕೊನೆಗೆ ಆ ವರ್ಷ ಹುಟ್ಟಿದ ಮರಿಗಳು, ದಾರಿ ತೋರುವವರಿಲ್ಲದೆ, ತಾವಾಗಿ ದಕ್ಷಿಣಕ್ಕೆ ಹಾರುತ್ತವೆ. ಹಾಗಾಗಿ ಆಗಸ್ಟ್ ಮೊದಲಲ್ಲಿ ಬರುವವು ಹೆಚ್ಚಾಗಿ ಹಿರಿಯ ಹಕ್ಕಿಗಳು. ಸೆಪ್ಟೆಂಬರ್‌ನಲ್ಲಿ ಬರುವ ಗುಂಪಿನಲ್ಲಿ ಹೊಸ ಗರಿಯ ಮರಿಗಳು ಹೆಚ್ಚು.

ಈ ಬರವನ್ನು ಇಂಗ್ಲಿಷ್ ತಿಂಗಳಿಗಿಂತ ನಮ್ಮ ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಹಿಡಿಯುವುದು ಸುಲಭ. ಆಶ್ಲೇಷ, ಮಘೆಯಲ್ಲಿ ಗದ್ದೆಗೊರವಗಳು. ಕೆರೆಯ ಏರಿಯ ಕಲ್ಲುಗಳ ಮೇಲೆ ಒಂಟಿಯಾಗಿ ನಿಂತು ಹಿಂಬದಿಯನ್ನು ಬಿಡುವಿಲ್ಲದೆ ಮೇಲೆ ಕೆಳಗೆ ಆಡಿಸುವ ಸಾಮಾನ್ಯ ಗದ್ದೆಗೊರವ ಇವುಗಳಲ್ಲೂ ಮುಂಚಿನದು; ಕೆಲವು ಜುಲೈ ಕೊನೆಗೇ ಬಂದುಬಿಡುತ್ತವೆ. ಹುಬ್ಬೆ ಮಳೆಗೆ, ಅಂದರೆ ಗೌರಿ ಗಣೇಶ ಹಬ್ಬದ ಆಸುಪಾಸಿಗೆ, ಬೂದು ಸಿಪಿಲೆ ಬರುತ್ತದೆ. ಜೊತೆಗೇ ವಿದ್ಯುತ್ ತಂತಿಯ ಮೇಲೆ ಸಾಲುಗಟ್ಟುವ ಕವಲುತೋಕೆಗಳು. ಉತ್ತರೆ ಮಳೆಗೆ ಹಳದಿ ಸಿಪಿಲೆ, ಹೊನ್ನಕ್ಕಿ, ಬೇಲಿಯ ಮೇಲೆ ಕೂತು ಕರಕರ ಎನ್ನುವ ಕಂದು ಕಳಿಂಗ. ಮಾವು, ಹೊಂಗೆಯ ಎಲೆಗಳ ನಡುವೆ ಕಣ್ಣಿಗೆ ಸಿಗದೆ ಉಲಿಯುವ ಹಸಿರು ಉಲಿಯಕ್ಕಿ ಬರುವುದೂ ಇದೇ ಸಮಯಕ್ಕೆ. ಅದರ ತೂಕ ಏಳೆಂಟು ಗ್ರಾಂ ಮಾತ್ರ, ಬರುವುದು ಹಿಮಾಲಯ, ಮಧ್ಯ ಏಷ್ಯಾದ ಕಡೆಯಿಂದ. ಹಸ್ತ, ಚಿತ್ತೆಯ ಹೊತ್ತಿಗೆ ಬಯಲ ಮೇಲೆ ತೀರಾ ಕೆಳಮಟ್ಟದಲ್ಲಿ ತೇಲಿ ಬೇಟೆಯಾಡುವ ಸೆಳೆವಗಳು, ತೋಟದ ನೆರಳಲ್ಲಿ ತರಗೆಲೆ ಕೆದಕುವ ನವರಂಗ, ಕೆರೆಗಳಲ್ಲಿ ಬಾತುಗಳು. ಬಾತುಗಳಲ್ಲಿ ಗಾರ್ಗನಿ ಮೊದಲು, ಸೂಜಿಬಾಲದ ಬಾತು ಆಮೇಲೆ. ಎಲ್ಲರೂ ನೋಡಲು ಹೋಗುವ ಪಟ್ಟೆತಲೆ ಹೆಬ್ಬಾತುಗಳು ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ, ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬಂದು ನೆಲೆಯೂರುವ ಹೊತ್ತಿಗೆ ನಮ್ಮ ಗದ್ದೆಯಲ್ಲಿ ಭತ್ತ ಕೊಯ್ಲಾಗಿರುತ್ತದೆ.

ಇವುಗಳಲ್ಲಿ ಬೂದು ಸಿಪಿಲೆಯನ್ನು ಗುರುತಿಸುವುದು ಮಕ್ಕಳಿಗೂ ಸಾಧ್ಯ. ನಾಲೆಯ ತೂಬಿನ ಬಳಿ, ಕೆರೆ ಕೋಡಿಯಲ್ಲಿ, ನೀರು ಕಲ್ಲಿಗೆ ಬಡಿದು ಹರಿಯುವ ಕಡೆ ಹುಡುಕಬೇಕು. ಬೆನ್ನು ಬೂದು, ಬಾಲದ ಬುಡ ಹಳದಿ, ಬಾಲ ಮೈಗಿಂತ ಉದ್ದ. ನಿಂತಲ್ಲಿ ನಿಲ್ಲದೆ ಬಾಲ ಕುಣಿಸುತ್ತಾ, ನೀರ ಮೇಲಿನ ನೊಣ ಹಿಡಿಯಲು ಚಿಮ್ಮಿ ಏಳುತ್ತದೆ. ಸಿಪಿಲೆಯಲ್ಲಿ ನಮ್ಮೂರಲ್ಲೇ ವರ್ಷವಿಡೀ ಇರುವ ಬೇರೆ ಜಾತಿಯೂ ಒಂದಿದೆ. ಅದು ಕಪ್ಪು ಬಿಳುಪು, ಗಾತ್ರದಲ್ಲೂ ದೊಡ್ಡದು. ಬೂದು ಸಿಪಿಲೆ ಮರಿ ಮಾಡುವುದು ಹಿಮಾಲಯ ಮತ್ತು ಅದರಾಚೆಯ ಬೆಟ್ಟದ ತೊರೆಗಳಲ್ಲಿ. ಕಾಲಿಗೆ ಉಂಗುರ ತೊಡಿಸಿ ಗಮನಿಸಿದವರು ಕಂಡುಕೊಂಡ ಸಂಗತಿಯೆಂದರೆ, ಇಂಥ ಹಕ್ಕಿಗಳು ವರ್ಷ ವರ್ಷವೂ ಅದೇ ಊರಿಗೆ, ಅದೇ ಜಾಗಕ್ಕೆ ಮರಳುತ್ತವೆ. ಹೋದ ವರ್ಷ ನಿಮ್ಮ ತೂಬಿನ ಬಳಿ ಇದ್ದ ಸಿಪಿಲೆಯೇ ಈ ವರ್ಷವೂ ಬಂದಿರಬಹುದು. ಹಾಗಾಗಿ ಒಂದು ತೂಬು, ಒಂದು ಕೋಡಿ ಕೆಟ್ಟರೆ ನಷ್ಟವಾಗುವುದು ಯಾವುದೋ ಹಕ್ಕಿಗಲ್ಲ, ಅಲ್ಲಿಗೇ ಬರಬೇಕೆಂದು ಸಾವಿರಾರು ಕಿಲೋಮೀಟರ್ ಹಾರಿ ಬಂದ ಆ ಹಕ್ಕಿಗೆ.

ಈ ಜಿಲ್ಲೆಯ ಮಾತು ಬಂದಾಗ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಲೇಬೇಕು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಬರುವ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಸೈಬೀರಿಯದಿಂದ, ಆಸ್ಟ್ರೇಲಿಯಾದಿಂದ ಬರುತ್ತವೆ ಎಂದು ಇಂದಿಗೂ ಬರೆಯುವವರಿದ್ದಾರೆ. ಅವು ಎಲ್ಲಿಂದಲೋ ಸಮುದ್ರ ದಾಟಿ ಬಂದವಲ್ಲ, ದಕ್ಷಿಣ ಏಷ್ಯಾದವೇ. ವರ್ಷದ ಬಾಕಿ ದಿನಗಳಲ್ಲಿ ದಕ್ಷಿಣ ಭಾರತದ ಕೆರೆ, ಜಲಾಶಯಗಳಲ್ಲಿ ಚದುರಿ ಮೇಯುವ ಈ ಹಕ್ಕಿಗಳು ಸುಮಾರು ಡಿಸೆಂಬರ್‌ನಿಂದ ಜೂನ್‌ವರೆಗೆ ಊರೊಳಗಿನ ಹುಣಸೆ, ಆಲದ ಮರಗಳಲ್ಲಿ ಗೂಡು ಕಟ್ಟುತ್ತವೆ. ಶಿಂಷಾ ನದಿ, ಸುತ್ತಲಿನ ಕೆರೆಗಳು ಅವುಗಳ ಮೀನಿನ ಉಗ್ರಾಣ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದೇ ಊರಿನವರು ಅವುಗಳನ್ನು ಕಾಣುತ್ತಾರೆ. ಬ್ರಿಟಿಷ್ ವೈದ್ಯ ಹಾಗೂ ಪಕ್ಷಿತಜ್ಞ ಟಿ.ಸಿ. ಜೆರ್ಡನ್ 19ನೇ ಶತಮಾನದಲ್ಲೇ ಈ ಭಾಗದ ಹೆಜ್ಜಾರ್ಲೆ ಗೂಡುಗಳ ಬಗ್ಗೆ ಬರೆದಿದ್ದರು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಹೆಜ್ಜಾರ್ಲೆಯದು ಸ್ಥಳೀಯ ಓಡಾಟ, ಗದ್ದೆಗೊರವದ್ದು ಖಂಡಾಂತರ ಪಯಣ. ಎರಡಕ್ಕೂ ‘ವಿದೇಶಿ ಹಕ್ಕಿ’ ಎಂಬ ಒಂದೇ ಹಣೆಪಟ್ಟಿ ಹಚ್ಚಿದರೆ ಎರಡರ ಅಗತ್ಯವೂ ನಮಗೆ ಅರ್ಥವಾಗುವುದಿಲ್ಲ.

ಇನ್ನು ಅಪರೂಪದ ಹಕ್ಕಿಗಳ ವಿಷಯ. ವಲಸೆ ಆರಂಭವಾಗುವ ಈ ತಿಂಗಳುಗಳಲ್ಲೇ ‘ಇಲ್ಲಿ ಹಿಂದೆಂದೂ ಕಾಣದ ಹಕ್ಕಿ ಕಂಡಿತು’ ಎಂಬ ಸುದ್ದಿ ಹೆಚ್ಚು. ಅದಕ್ಕೆ ಕಾರಣವಿದೆ. ಹಕ್ಕಿ ಅಪರೂಪವೆನಿಸುವುದು ಒಂದೇ ಬಗೆಯಲ್ಲಿ ಅಲ್ಲ.

ಮೊದಲನೆಯದು, ದಾರಿ ತಪ್ಪಿ ಬಂದದ್ದು. ಡಚ್ ವಿಜ್ಞಾನಿ ಪರ್ಡೆಕ್ 1958ರಲ್ಲಿ ಪ್ರಕಟಿಸಿದ ಪ್ರಯೋಗ ಇದರ ಗುಟ್ಟು ಬಿಡಿಸಿತು. ಶರತ್ಕಾಲದ ವಲಸೆಯಲ್ಲಿದ್ದ ಸಾವಿರಾರು ಸ್ಟಾರ್ಲಿಂಗ್ ಹಕ್ಕಿಗಳನ್ನು ಹಾಲೆಂಡಿನಲ್ಲಿ ಹಿಡಿದು, ಉಂಗುರ ತೊಡಿಸಿ, ವಿಮಾನದಲ್ಲಿ ಸ್ವಿಟ್ಜರ್‌ಲೆಂಡಿಗೆ ಒಯ್ದು ಬಿಡಲಾಯಿತು. ಅನುಭವಿ ಹಿರಿಯ ಹಕ್ಕಿಗಳು ತಮ್ಮನ್ನು ಬೇರೆಡೆಗೆ ತಂದಿರುವುದನ್ನು ಅರಿತು, ದಿಕ್ಕು ಬದಲಿಸಿ, ಎಂದಿನ ಚಳಿಗಾಲದ ನೆಲೆಯತ್ತ ಹೋದವು. ಮೊದಲ ಸಲ ಹೊರಟಿದ್ದ ಮರಿಗಳು ಹುಟ್ಟಿನಿಂದ ಬಂದ ದಿಕ್ಕನ್ನೇ ಹಿಡಿದು ಹಾರಿ, ಫ್ರಾನ್ಸಿನ ದಕ್ಷಿಣ, ಸ್ಪೇನ್ ಸೇರಿದವು. ಎಳೆಯ ಹಕ್ಕಿಗೆ ದಿಕ್ಕು ಗೊತ್ತು, ನೆಲೆ ಗೊತ್ತಿಲ್ಲ. ಸೂರ್ಯ, ನಕ್ಷತ್ರ, ಭೂಮಿಯ ಕಾಂತತ್ವ ಇವುಗಳ ನೆರವಿನಿಂದ ಅದು ದಿಕ್ಕು ಹಿಡಿಯುತ್ತದೆ. ಬಿರುಗಾಳಿ ಪಕ್ಕಕ್ಕೆ ತಳ್ಳಿದರೆ ಅದನ್ನು ಸರಿಪಡಿಸಿಕೊಳ್ಳುವ ಅನುಭವ ಅದಕ್ಕಿನ್ನೂ ಬಂದಿರುವುದಿಲ್ಲ. ಇರಬಾರದ ಕಡೆ ಕಾಣಿಸುವ ಹಕ್ಕಿಗಳಲ್ಲಿ ಅದೇ ವರ್ಷ ಹುಟ್ಟಿದವು ಹೆಚ್ಚಿರುವುದು ಇದಕ್ಕೇ.

ಎರಡನೆಯದು, ಹಾದುಹೋಗುವ ಹಕ್ಕಿ. ಅದು ದಾರಿ ತಪ್ಪಿರುವುದಿಲ್ಲ. ನಮ್ಮೂರು ಅದರ ದಾರಿಯಲ್ಲಿದೆ, ಆದರೆ ತಂಗುದಾಣವಲ್ಲ. ಉತ್ತರ ಧ್ರುವದ ಸುತ್ತಲಿನ ಬಯಲಿನಲ್ಲಿ ಮರಿ ಮಾಡಿ ಅರಬ್ಬೀ ಸಮುದ್ರದ ಮೇಲೆ ಚಳಿಗಾಲ ಕಳೆಯುವ ಕೆಂಪುಕತ್ತಿನ ಫ್ಯಾಲರೋಪ್ ಇಂಥದ್ದು. ದಾರಿಯಲ್ಲಿ ಒಳನಾಡಿನ ಯಾವುದೋ ಕೆರೆಗೆ ಇಳಿದು, ನೀರಿನ ಮೇಲೆ ಗಿರಗಿರನೆ ಸುತ್ತಿ, ಮೇಲೆದ್ದ ಹುಳುಗಳನ್ನು ಹೆಕ್ಕಿ ಮುಂದೆ ಸಾಗುತ್ತದೆ. ಅಮುರ್ ಚಾಣವೂ ಹಾಗೆಯೇ. ಚೀನಾದ ಈಶಾನ್ಯ, ಸೈಬೀರಿಯದ ಪೂರ್ವ ಭಾಗದಿಂದ ಹೊರಟು, ನಾಗಾಲ್ಯಾಂಡ್, ಮಣಿಪುರಗಳಲ್ಲಿ ತಂಗಿ, ಪರ್ಯಾಯ ದ್ವೀಪದ ಆಕಾಶ ದಾಟಿ, ಸಮುದ್ರವನ್ನು ಒಂದೇ ಹಾರಾಟದಲ್ಲಿ ಕ್ರಮಿಸಿ ಆಫ್ರಿಕಾ ಸೇರುತ್ತದೆ. 2013ರಲ್ಲಿ ನಾಗಾಲ್ಯಾಂಡಿನ ಡೊಯಾಂಗ್‌ನಲ್ಲಿ ಉಪಗ್ರಹ ಸಾಧನ ತೊಡಿಸಿದ ಹಕ್ಕಿಗಳಿಂದ ಈ ದಾರಿ ಸ್ಪಷ್ಟವಾಯಿತು. ಇವು ಕಂಡವರ ಅದೃಷ್ಟಕ್ಕೆ ಸಿಗುವ ಹಕ್ಕಿಗಳು.

ಮೂರನೆಯದು, ನೆಲೆಯೇ ಕಿರಿದಾದ ಹಕ್ಕಿ. ಮಳವಳ್ಳಿಯಾಚೆ ಕಾವೇರಿ ವನ್ಯಧಾಮದ ಕುರುಚಲು ಕಾಡಿನಲ್ಲಿ ಬಿಳಿಕತ್ತಿನ ಚೇಕಡಿ ಹಕ್ಕಿ ಇದೆ. ಭಾರತ ಬಿಟ್ಟು ಬೇರೆಲ್ಲೂ ಇಲ್ಲದ ಈ ಹಕ್ಕಿ ರಾಜಸ್ಥಾನ, ಗುಜರಾತಿನ ಒಣಕಾಡುಗಳಲ್ಲಿ ಒಂದಿಷ್ಟು, ದಕ್ಷಿಣದ ಕೆಲವೇ ತುಣುಕು ಕಾಡುಗಳಲ್ಲಿ ಒಂದಿಷ್ಟು ಉಳಿದಿದೆ. ಅದು ಎಲ್ಲಿಂದಲೂ ಬರುವುದಿಲ್ಲ, ಎಲ್ಲಿಗೂ ಹೋಗುವುದಿಲ್ಲ. ಆ ಕುರುಚಲು ಕಾಡನ್ನು ‘ಪಾಳು’ ಎಂದು ಕರೆದು ಕೈಬಿಟ್ಟರೆ ಅದಕ್ಕೆ ಬೇರೆ ಆಸರೆಯಿಲ್ಲ.

ನಾಲ್ಕನೆಯದೇ ನಮ್ಮ ನಿದ್ದೆ ಕೆಡಿಸಬೇಕಾದದ್ದು: ನಿನ್ನೆ ಎಲ್ಲೆಲ್ಲೂ ಇದ್ದು, ಇಂದು ಅಪರೂಪವಾದದ್ದು. ಸತ್ತ ದನದ ಸುತ್ತ ರಣಹದ್ದುಗಳು ಮುಗಿಬೀಳುತ್ತಿದ್ದ ನೆನಪು ನಮ್ಮ ಹಿರಿಯರಿಗೆ ಇನ್ನೂ ಹಸಿಯಾಗಿದೆ. ದನಗಳ ನೋವು, ಜ್ವರಕ್ಕೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧ ಸತ್ತ ದನದ ಮಾಂಸದ ಮೂಲಕ ರಣಹದ್ದಿನ ಮೂತ್ರಪಿಂಡ ಕೆಡಿಸಿ ಕೊಂದಿತು. 2006ರಲ್ಲಿ ಪಶುವೈದ್ಯಕೀಯದಲ್ಲಿ ಅದನ್ನು ನಿಷೇಧಿಸುವ ಹೊತ್ತಿಗೆ ದೇಶದ ರಣಹದ್ದುಗಳಲ್ಲಿ ಬಹುಪಾಲು ಹೋಗಿಯಾಗಿತ್ತು. ಮದ್ದೂರಿನ ಪಕ್ಕದ ರಾಮನಗರದಲ್ಲಿ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವಾಗಿ ಘೋಷಿಸುವಾಗ ಬಂಡೆಗಳ ಮೇಲೆ ಉಳಿದಿದ್ದವು ಬೆರಳೆಣಿಕೆಯವು. ಎಲ್ಲರ ಕಣ್ಣೆದುರಿಗೇ ಇದ್ದ ಹಕ್ಕಿ ಕಣ್ಣೆದುರಿಗೇ ಇಲ್ಲವಾಯಿತು. ಎಷ್ಟಿದ್ದವು, ಯಾವಾಗ ಕಡಿಮೆಯಾದವು ಎಂದು ಬರೆದಿಟ್ಟವರು ಊರೂರಲ್ಲಿ ಇದ್ದಿದ್ದರೆ ಎಚ್ಚರಿಕೆಯ ಗಂಟೆ ಬೇಗ ಬಾರಿಸುತ್ತಿತ್ತು.

ನಾನು ಹೇಳಬೇಕೆಂದಿರುವುದು ಇದನ್ನೇ. ಅಪರೂಪದ ಹಕ್ಕಿಯ ಬೆನ್ನು ಹತ್ತಿ ನೂರಾರು ಕಿಲೋಮೀಟರ್ ಕಾರು ಓಡಿಸುವವರು ಈಗ ಬಹಳ. ಅವರ ಉತ್ಸಾಹ ಒಳ್ಳೆಯದೇ. ಆದರೆ ಯಾವುದು ಅಪರೂಪ ಎಂದು ತೀರ್ಮಾನಿಸಲು ಯಾವುದು ವಾಡಿಕೆ ಎಂಬ ಲೆಕ್ಕ ಮೊದಲು ಕೈಯಲ್ಲಿರಬೇಕು. ಕೆರಗೋಡಿನ ಕೆರೆಗೆ ಸಿಪಿಲೆ ಸಾಮಾನ್ಯವಾಗಿ ಯಾವ ವಾರ ಬರುತ್ತದೆ? ಗದ್ದೆಗೊರವಗಳು ಹತ್ತು ವರ್ಷದ ಹಿಂದೆ ಎಷ್ಟಿದ್ದವು, ಈಗೆಷ್ಟಿವೆ? ಈ ಸಾಧಾರಣ ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟ ಊರಿಗೆ ಮಾತ್ರ ತನ್ನ ಹಕ್ಕಿಗಳ ಹೆಚ್ಚುಕಡಿಮೆ ಗೊತ್ತಾಗುತ್ತದೆ.

ಮೈಸೂರು ಸೀಮೆಗೆ ಈ ಕೆಲಸ ಹೊಸದಲ್ಲ. 1939–40ರಲ್ಲಿ ಡಾ. ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದದ್ದು ಅವರ ಒತ್ತಾಸೆಯಿಂದ. 2022ರಲ್ಲಿ ಅದು ಜೌಗು ತಾಣಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿ ಸೇರಿತು. 2007ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಿಂದ ಆರಂಭವಾದ ‘ಮೈಗ್ರಂಟ್ ವಾಚ್’ ಯೋಜನೆ, ಚಳಿಗಾಲದ ವಲಸೆ ಹಕ್ಕಿಗಳು ಮೊದಲು ಕಂಡ ದಿನಾಂಕವನ್ನು ದೇಶದ ಎಲ್ಲ ಕಡೆಯಿಂದ ಜನಸಾಮಾನ್ಯರು ಬರೆದು ಕಳಿಸುವಂತೆ ಮಾಡಿತು. ಈಗ ಆ ಕೆಲಸ ‘ಇಬರ್ಡ್’ ಮೂಲಕ ಮೊಬೈಲಿನಲ್ಲೇ ಆಗುತ್ತದೆ. ಹೀಗೆ ಜನ ಬರೆದ ದಾಖಲೆಗಳನ್ನು ಒಟ್ಟುಗೂಡಿಸಿ ಸಿದ್ಧವಾದ 2023ರ ‘ಭಾರತದ ಪಕ್ಷಿಗಳ ಸ್ಥಿತಿಗತಿ’ ವರದಿ 942 ಜಾತಿಗಳನ್ನು ಪರಿಶೀಲಿಸಿ, 178ಕ್ಕೆ ತುರ್ತು ಗಮನ ಬೇಕೆಂದಿತು. ದೂರದಿಂದ ಬರುವ ವಲಸೆ ಹಕ್ಕಿಗಳು, ಅದರಲ್ಲೂ ಗೊರವದ ಬಳಗ, ಇಳಿಮುಖವಾಗಿರುವುದನ್ನು ಅದು ಎತ್ತಿ ತೋರಿಸಿದೆ. ನಾಟಿ ಗದ್ದೆಯಲ್ಲಿ ಇಂದು ಸಾಮಾನ್ಯವೆನಿಸುವ ಹಕ್ಕಿ ನಾಳೆ ರಣಹದ್ದಿನ ಸಾಲಿಗೆ ಸೇರಬಾರದೆಂದರೆ ಇಂದೇ ಎಣಿಸಬೇಕು.

ಎಣಿಸುವುದರ ಜೊತೆಗೆ ಜಾಗ ಉಳಿಸುವುದೂ ನಮ್ಮ ಕೈಯಲ್ಲೇ ಇದೆ. ಕೃಷ್ಣರಾಜ ಸಾಗರದಿಂದ ಹೊರಟ ವಿಶ್ವೇಶ್ವರಯ್ಯ ನಾಲೆ 1930ರ ದಶಕದಲ್ಲಿ ಮಂಡ್ಯದ ರಾಗಿ ಹೊಲಗಳನ್ನು ಭತ್ತ, ಕಬ್ಬಿನ ಬಯಲಾಗಿಸಿತು. ಹೊಲಕ್ಕೆ ನೀರು ಹರಿದಾಗ ಗದ್ದೆಗೊರವಗಳಿಗೂ ಮೇವಿನ ನೆಲ ಹಿಗ್ಗಿತು. ರೈತ ನಾಟಿಗೆಂದು ಕಟ್ಟುವ ಬೆರಳುದ್ದದ ತೆಳು ನೀರೇ ಅವುಗಳಿಗೆ ಬೇಕಾದದ್ದು. ಅದಕ್ಕಿಂತ ಆಳವಾದರೆ ಆ ಕಾಲು, ಆ ಕೊಕ್ಕಿಗೆ ಕೆಸರು ಎಟುಕದು. ನಾಲೆಗೆ ನೀರು ಬಾರದ ವರ್ಷ ಗದ್ದೆ ಬೀಳುಬಿದ್ದಾಗ ಕೆರೆಯಂಚೇ ಗತಿ. 2023ರ ಬರದಲ್ಲಿ ಕೃಷ್ಣರಾಜ ಸಾಗರ ತುಂಬದೆ ರೈತರು ಬೀದಿಗಿಳಿದದ್ದು ನಮಗೆ ನೆನಪಿದೆ. ಅಂಥ ವರ್ಷದಲ್ಲಿ ಬಂದಿಳಿದ ಹಕ್ಕಿಗೂ ಅದೇ ನೀರಿನ ಬರ.

ಆದ್ದರಿಂದ ಕೆರೆಯಂಚನ್ನು ಜೋಪಾನ ಮಾಡಬೇಕು. ಇಲ್ಲೇ ನಾವು ಎಡವುತ್ತಿದ್ದೇವೆ. ಹೂಳು ತೆಗೆಯುವುದು ಅಗತ್ಯವಾದ ಕೆಲಸ. ಕೆರೆಯಲ್ಲಿ ನೀರು ನಿಂತರೆ ರೈತನಿಗೂ ಲಾಭ, ಹಕ್ಕಿಗೂ ಲಾಭ. ಆದರೆ ಯಂತ್ರ ಇಳಿಸಿ ನಾಲ್ಕೂ ಕಡೆ ಒಂದೇ ಆಳಕ್ಕೆ ಬಗೆದು, ದಡವನ್ನು ಕಡಿದಾಗಿಸಿ, ಸುತ್ತ ಕಲ್ಲು ಕಟ್ಟಿ, ನಡೆಯುವ ಹಾದಿ ಹಾಕಿದರೆ ನೀರಿನ ತೊಟ್ಟಿ ಉಳಿಯುತ್ತದೆ, ಕೆರೆ ಉಳಿಯುವುದಿಲ್ಲ. ಕೆರೆಗೆ ನೀರು ಬರುವ ಹಿಂಬದಿಯ ಅಂಗಳ ಇಳಿಜಾರಾಗಿ, ತೆಳುನೀರು, ಕೆಸರು, ಒಂದಿಷ್ಟು ಜೊಂಡಿನೊಂದಿಗೆ ಇದ್ದರೆ ಗೊರವ, ಉಲ್ಲಂಕಿ, ಸಿಪಿಲೆ, ಬಾತು ಎಲ್ಲಕ್ಕೂ ಎಡೆ ಸಿಗುತ್ತದೆ. ಏರಿಯ ಕಡೆ ಆಳ ಇರಲಿ, ಅಂಗಳದ ಕಡೆ ಇಳಿಜಾರು ಇರಲಿ. ಹೆಚ್ಚು ಖರ್ಚಿಲ್ಲದ ಈ ಒಂದು ಷರತ್ತನ್ನು ಗ್ರಾಮ ಪಂಚಾಯಿತಿಗಳು ಹೂಳೆತ್ತುವ ಪ್ರತಿ ಕೆಲಸದ ಅಂದಾಜುಪಟ್ಟಿಯಲ್ಲೇ ಬರೆಸಬೇಕು. ಕೆರಗೋಡು ಹೋಬಳಿಯ ಸಣ್ಣ ಕಟ್ಟೆಯಿಂದ ಮದ್ದೂರು ಕಡೆಯ ಸೂಳೆಕೆರೆಯಂಥ ದೊಡ್ಡ ಕೆರೆಯವರೆಗೆ ಎಲ್ಲಕ್ಕೂ ಇದು ಅನ್ವಯಿಸುತ್ತದೆ.

ಕ್ಯಾಮೆರಾ ಹಿಡಿದವರಿಗೂ ಒಂದು ಮಾತು. ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿಯ ಮೈಯಲ್ಲಿ ಕೊಬ್ಬು ಕರಗಿರುತ್ತದೆ. ಬಂದ ಮೊದಲ ದಿನಗಳಲ್ಲಿ ಅದಕ್ಕೆ ಬೇಕಾದದ್ದು ಮೇವು ಮತ್ತು ನೆಮ್ಮದಿ. ಹಾರುವ ಚಿತ್ರಕ್ಕಾಗಿ ಮತ್ತೆ ಮತ್ತೆ ಎಬ್ಬಿಸುವುದು, ಡ್ರೋನ್ ಹಾರಿಸುವುದು, ಮೊಬೈಲಿನಲ್ಲಿ ಕೂಗು ಹಾಕಿ ಕರೆಯುವುದು ಅದರ ಉಳಿದ ಶಕ್ತಿಯನ್ನೂ ಹೀರುತ್ತದೆ. ಅಪರೂಪದ ಹಕ್ಕಿ ಕಂಡರೆ ದೂರದಿಂದ ಒಂದೆರಡು ಸ್ಪಷ್ಟ ಚಿತ್ರ ತೆಗೆದು, ದಿನ, ಹೊತ್ತು, ಜಾಗ ಬರೆದುಕೊಂಡು ಹಿಂದೆ ಸರಿಯಿರಿ. ದಾಖಲೆಗೆ ಅಷ್ಟು ಸಾಕು.

ಹೋಬಳಿಯ ಶಾಲೆಗಳ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನದೊಂದು ಕೋರಿಕೆ. ಒಂದು ನೋಟ್‌ಬುಕ್ ತೆರೆಯಿರಿ. ಮೊದಲ ಸಿಪಿಲೆ, ಮೊದಲ ಗದ್ದೆಗೊರವ, ಮೊದಲ ಕವಲುತೋಕೆ ಎಂದು ಮೂರೇ ಅಂಕಣ ಎಳೆಯಿರಿ. ಯಾವ ಮಗು ಯಾವ ದಿನ ಎಲ್ಲಿ ನೋಡಿತು ಎಂದು ಬರೆಯಿರಿ. ಗುರುತು ಹಿಡಿಯಲು ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿಪುಕ್ಕ’ ಶಾಲೆಯ ಗ್ರಂಥಾಲಯದಲ್ಲಿರಲಿ. ಮುಂದಿನ ವರ್ಷವೂ ಅದೇ ಪುಸ್ತಕದಲ್ಲಿ, ಅದರ ಕೆಳಗಿನ ಸಾಲಿನಲ್ಲಿ ಬರೆಸಿ. ಹತ್ತು ವರ್ಷ ನಡೆದರೆ, ನಮ್ಮ ಊರಿಗೆ ಯಾವ ಹಕ್ಕಿ ವಾಡಿಕೆ, ಯಾವುದು ಅಪರೂಪ, ಯಾವುದು ಕಡಿಮೆಯಾಗುತ್ತಿದೆ ಎಂದು ಹೇಳಲು ಹೊರಗಿನ ತಜ್ಞರನ್ನು ಕಾಯಬೇಕಾಗಿಲ್ಲ. ಹುಬ್ಬೆ ಮಳೆ ಹಿಡಿಯುವ ಮೊದಲೇ ಆ ಪುಸ್ತಕದ ಮೊದಲ ಸಾಲು ಬರೆಯಲು ಶುರು ಮಾಡಿ.